ಬಾಗದ ಪರದೆ, ಒಗೆದ ನಕ್ಷೆ

ಬಂಗಾರಪೇಟೆಯ ಕಂಪ್ಯೂಟರ್ ಅಂಗಡಿಗೆ ಮೊದಲ ಸಲ ಹೋದ ದಿನ ನನ್ನ ಹ್ಯಾಂಡ್‌ಬ್ಯಾಗಿನಲ್ಲಿ ಒಂದು ಅಡಿ ಉದ್ದದ ಮರದ ಸ್ಕೇಲ್ ಇತ್ತು. ಕೆಜಿಎಫ್‌ನ ಚಿನ್ನದ ಗಣಿಯ ಸರ್ವೆ ಆಫೀಸಿನಲ್ಲಿ ಮೂವತ್ತು ವರ್ಷ ಟ್ರೇಸರ್ ಆಗಿದ್ದವಳು ನಾನು. ಸರ್ವೇಯರುಗಳು ನೆಲದೊಳಗೆ ಇಳಿದು ಅಳೆದು ತಂದದ್ದನ್ನು ಡ್ರಾಫ್ಟ್ಸ್‌ಮನ್ನರು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಅದರ ಮೇಲೆ ಗಂಜಿ ಹಾಕಿದ ತೆಳು ಟ್ರೇಸಿಂಗ್ ಬಟ್ಟೆ ಹಾಸಿ, ಕಪ್ಪು ಇಂಕಿನಲ್ಲಿ ಶಾಶ್ವತ ಪ್ರತಿ ತೆಗೆಯುವುದು ನಾವು ನಾಲ್ಕು ಹೆಂಗಸರ ಕೆಲಸ. ನಕ್ಷೆಯ ಬಲಮೂಲೆಯಲ್ಲಿ ‘ಟ್ರೇಸ್ಡ್ ಬೈ’ ಎಂಬ ಪುಟ್ಟ ಚೌಕ ಇರುತ್ತಿತ್ತು. ಅದರೊಳಗೆ ಹೆಡ್ ಡ್ರಾಫ್ಟ್ಸ್‌ಮನ್ನರ ಇನಿಷಿಯಲ್ ಬರೆಯುವುದೂ ನಮ್ಮ ಕೆಲಸವೇ ಆಗಿತ್ತು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಅಷ್ಟು ಚಂದದ ಕೈಬರಹವನ್ನು ನಾನು ಇನ್ನೊಬ್ಬರ ಹೆಸರು ಬರೆಯುವುದರಲ್ಲೇ ಸವೆಸಿದೆ.

ಗಣಿ ಮುಚ್ಚಿ ಆಫೀಸು ಖಾಲಿ ಮಾಡುವಾಗ, ಎರಡನೇ ಪ್ರತಿಗಳನ್ನು ಬೇಕಾದವರು ಒಯ್ಯಬಹುದು ಎಂದರು. ಬೇಕಾದವರು ನಾನೊಬ್ಬಳೇ. ಚಾಂಪಿಯನ್ ರೀಫ್ಸ್ ಭಾಗದ ಸುರುಳಿಗಳನ್ನೆಲ್ಲ ಎರಡು ಟ್ರಂಕಿನಲ್ಲಿ ತುಂಬಿ ಉರಿಗಾಂನ ನನ್ನ ಮನೆಗೆ ತಂದೆ. ಯಾಕೆ ತಂದೆ ಎಂದು ಆಗ ಯಾರಾದರೂ ಕೇಳಿದ್ದರೆ ಉತ್ತರ ಇರಲಿಲ್ಲ. ನನ್ನ ಯೌವನವೆಲ್ಲ ಅದರೊಳಗೆ ಗೆರೆಗೆರೆಯಾಗಿ ಬಿದ್ದಿತ್ತು, ಅಷ್ಟೆ.

ಉತ್ತರ ಬಂದದ್ದು ಹೋದ ವರ್ಷದ ಮಳೆಗಾಲದಲ್ಲಿ. ಚಾಂಪಿಯನ್ ರೀಫ್ಸ್‌ನ ಒಂದು ಲೈನ್‌ಮನೆ ಸಾಲಿನ ತುದಿಯಲ್ಲಿ ನೆಲ ಕುಸಿದು, ಎತ್ತಿನ ಗಾಡಿ ಇಳಿಯುವಷ್ಟು ದೊಡ್ಡ ಗುಂಡಿ ಬಿತ್ತು. ಆ ಸಾಲಿನಲ್ಲಿ ಹನ್ನೆರಡು ಮನೆ. ಏಳನೆಯದು ನನ್ನ ಗೆಳತಿಯದು. ಅವಳು ನಮ್ಮ ಆಫೀಸಿನ ಪ್ರಿಂಟ್ ರೂಮಿನಲ್ಲಿ ನೀಲಿ ಪ್ರತಿಗಳನ್ನು ನೀರಿನಲ್ಲಿ ಅದ್ದಿ, ಹಗ್ಗದ ಮೇಲೆ ಒಣಹಾಕುತ್ತಿದ್ದವಳು. ನನಗಿಂತ ನಾಲ್ಕು ವರ್ಷ ಚಿಕ್ಕವಳು. ಮನೆಯಲ್ಲಿ ತಮಿಳು, ನನ್ನ ಜೊತೆ ಕನ್ನಡ, ಜಗಳಕ್ಕೆ ಎರಡೂ. ಮುಚ್ಚಿದ ಗಣಿಯ ಜಾಗ ನೋಡಿಕೊಳ್ಳುವ ಕಚೇರಿಯಿಂದ ಬಂದವರು ಗುಂಡಿ ನೋಡಿ, ಇಡೀ ಸಾಲು ಖಾಲಿ ಮಾಡಬೇಕಾಗಬಹುದು ಎಂದರು. ಸಾಲಿನ ಕೆಳಗೆ, ನೆಲಮಟ್ಟಕ್ಕೆ ಹತ್ತಿರದಲ್ಲಿ ಹಳೆಯ ಕಾಲದ ತೋಡು, ಅಂದರೆ ಅದಿರು ಅಗೆದು ಬಿಟ್ಟ ಪೊಳ್ಳು, ಇದೆಯೋ ಇಲ್ಲವೋ ಅವರಿಗೂ ಗೊತ್ತಿಲ್ಲ; ಮೂಲ ನಕ್ಷೆಗಳು ಅವರ ಬಳಿ ಉಳಿದಿರಲಿಲ್ಲ. ಇಲ್ಲ ಎಂದು ನಕ್ಷೆ ತೋರಿಸಿದರೆ ಗುಂಡಿ ಮುಚ್ಚಿ ಜನರನ್ನು ಅಲ್ಲೇ ಬಿಡುತ್ತೇವೆ. ಮುಂದಿನ ಮಳೆಗಾಲದೊಳಗೆ ತೋರಿಸಿ ಎಂದರು.

ಅವಳು ಅದೇ ಸಂಜೆ ನಡೆದುಕೊಂಡು ನನ್ನ ಮನೆಗೆ ಬಂದಳು.

“ಅಕ್ಕಾ, ಆ ಟ್ರಂಕು ಇದೆಯಾ, ಇಲ್ಲಾ ಹಳೇ ಪಾತ್ರೆಯವನಿಗೆ ಹಾಕ್ಬಿಟ್ಟಾ?”

“ಇದೆ.”

“ಹಾಂಗಾದ್ರೆ ನಾನು ಪಾತ್ರೆ ಪಗಡ ಕಟ್ಟಲ್ಲ. ನೀನಿದೀಯಲ್ಲ.”

ನೀನಿದೀಯಲ್ಲ ಎಂಬ ಆ ಮಾತು ನನಗೆ ಎಷ್ಟು ಹಿತವಾಗಿತ್ತು ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ.

ಆದರೆ ನನ್ನ ಕಣ್ಣು ಅಷ್ಟರಲ್ಲಿ ಕೆಟ್ಟಿತ್ತು. ನೋಡಿದ ಕಡೆಯಲ್ಲಿ ನಟ್ಟನಡುವೆ ಒಂದು ಮಸಿಯ ಕಲೆ. ಸುತ್ತಲಿನದು ಕಾಣುತ್ತದೆ, ಬೇಕಾದದ್ದು ಕಾಣುವುದಿಲ್ಲ. ಡಾಕ್ಟರ್ ಅದಕ್ಕೊಂದು ಉದ್ದ ಹೆಸರು ಹೇಳಿ, ಇದ್ದಷ್ಟನ್ನು ಕಾಪಾಡಿಕೊಳ್ಳೋಣ ಅಂದರು. ಹಾಗಾಗಿ ಟ್ರಂಕಿನ ಜವಾಬ್ದಾರಿ ನನ್ನ ತಂಗಿಯ ಮಗಳ ಮೇಲೆ ಬಿತ್ತು. ಅವಳು ಬಂಗಾರಪೇಟೆಯಲ್ಲಿ ಜಿಯಾಗ್ರಫಿ ಲೆಕ್ಚರರ್. ಕಂಪ್ಯೂಟರಿನಲ್ಲಿ ನಕ್ಷೆಯ ಮೇಲೆ ನಕ್ಷೆ ಹಾಸುವ ಕೆಲಸ ಬಲ್ಲವಳು. ಸುರುಳಿಗಳನ್ನು ಬೆಂಗಳೂರಿಗೆ ಒಯ್ದು, ಅಗಲದ ಸ್ಕ್ಯಾನರ್ ಇರುವ ಕಡೆ ಸ್ಕ್ಯಾನ್ ಮಾಡಿಸಿ, ಒಂದು ಹಾರ್ಡ್‌ಡಿಸ್ಕಿನಲ್ಲಿ ತಂದಳು. ಸ್ಕ್ಯಾನ್ ಮಾಡಿದವರು ಹಾಳೆಗಳ ನಂಬರ್ ನೋಡದೆ, ಕೈಗೆ ಸಿಕ್ಕ ಕ್ರಮದಲ್ಲಿ ಒಂದು, ಎರಡು, ಮೂರು ಎಂದು ಹೆಸರಿಟ್ಟಿದ್ದರು. ಒಂದೊಂದು ಹಾಳೆಯೂ ಒಂದೊಂದು ಸಿನಿಮಾದಷ್ಟು ಭಾರ. ಅವಳ ಲ್ಯಾಪ್‌ಟಾಪಿನಲ್ಲಿ ಎರಡನೆಯದು ತೆರೆಯುವಷ್ಟರಲ್ಲಿ ಪರದೆ ಬೆಳ್ಳಗಾಗಿ ನಿಂತುಬಿಡುತ್ತಿತ್ತು.

“ದೊಡ್ಡಮ್ಮ, ಇದ್ರಲ್ಲಿ ಆಗಲ್ಲ. ವರ್ಕ್‌ಸ್ಟೇಷನ್ನೇ ಬೇಕು,” ಅಂದಳು.

“ಬೇಕಾದ್ರೆ ತಗೊಳ್ಳೋಣ. ದುಡ್ಡಿನ ಮಾತು ಆಡಬೇಡ. ನಾನೇನು ಕಟ್ಕೊಂಡು ಹೋಗ್ತೀನಾ?”

ಹೀಗೆ ಶುರುವಾಯಿತು. ತೆಗೆದುಕೊಳ್ಳೋಣ ಎಂದಷ್ಟು ಸುಲಭವಾಗಿ ಮುಗಿಯಲಿಲ್ಲ.

ಅಂಗಡಿಯವನು ಕಾಮಸಮುದ್ರದ ಕಡೆಯವನು. ಐವತ್ತರ ಹತ್ತಿರದ ವಯಸ್ಸು, ನಯವಾದ ಮಾತು. ನಮ್ಮನ್ನು ಕೂರಿಸಿ, ಗಾಜಿನ ಬದಿಯಿರುವ ಒಂದು ಪೆಟ್ಟಿಗೆಯ ಸ್ವಿಚ್ ಒತ್ತಿದ. ಒಳಗಿನ ಫ್ಯಾನುಗಳು ಕೆಂಪು, ಹಸಿರು, ನೇರಳೆಯಾಗಿ ತಿರುಗತೊಡಗಿದವು.

“ನೋಡಿ ಮೇಡಮ್ಮೋರೆ. ಇದಕ್ಕಿಂತ ಪವರ್ ಇರೋದು ಈ ತಾಲೂಕಲ್ಲೇ ಇಲ್ಲ.”

“ದೀಪ ಯಾಕೆ?”

“ಉಡುಗ್ರು ಕೇಳ್ತಾರೆ. ಗೇಮಿಂಗು.”

“ನಾನು ಆಡೋ ಹಾಗೆ ಕಾಣ್ತೀನಾ?”

“ಎಂಗೇಳಾದು,” ಅಂದ, ನನ್ನ ಸೀರೆಯನ್ನೂ ಕನ್ನಡಕವನ್ನೂ ನೋಡಿ. “ಮೊನ್ನೆ ಒಬ್ರು ರಿಟೈರ್ಡ್ ಎಡ್‌ಮಾಸ್ಟ್ರು ತಗಂಡೋದ್ರು. ಮೊಮ್ಮಗನಿಗೆ ಅಂದ್ರು. ಆಡ್ತಿರಾದು ಅವರೇ.”

ಆ ಪೆಟ್ಟಿಗೆಯಲ್ಲಿ ಹಣವೆಲ್ಲ ಗ್ರಾಫಿಕ್ಸ್ ಕಾರ್ಡಿಗೆ ಹೋಗಿತ್ತು. ನನ್ನ ತಂಗಿಯ ಮಗಳು ಅವನಿಗೂ ನನಗೂ ಒಟ್ಟಿಗೇ ಪಾಠ ಮಾಡಿದಳು. ನಮ್ಮದು ಓಡುವ ಚಿತ್ರವಲ್ಲ, ನಿಂತ ಚಿತ್ರ. ಆದರೆ ಬೆಟ್ಟದಷ್ಟು ದೊಡ್ಡದು. ಹತ್ತಾರು ಹಾಳೆಗಳನ್ನು ಒಂದರ ಮೇಲೊಂದು ಹಾಸಿ ಒಟ್ಟಿಗೆ ಹಿಡಿದುಕೊಳ್ಳಲು ರ್‍ಯಾಮ್ ಧಾರಾಳ ಬೇಕು, ಅರವತ್ನಾಲ್ಕು ಜಿಬಿ. ಪ್ರೊಸೆಸರ್ ಕೊಳ್ಳುವಾಗ ಎಷ್ಟು ಕೋರ್ ಎಂದು ಎಣಿಸಿ ಮರುಳಾಗಬಾರದು. ನಕ್ಷೆಯ ಎಷ್ಟೋ ಕೆಲಸಗಳು ಒಂದೇ ಕೋರಿನ ಮೇಲೆ ನಡೆಯುತ್ತವೆ, ಆ ಒಂದು ಚುರುಕಾಗಿರಬೇಕು. ಕೆಲಸ ನಡೆಯುವ ಹಾಳೆಗಳಿಗೆ ವೇಗದ ಎಸ್‌ಎಸ್‌ಡಿ, ಮುಗಿದವುಗಳಿಗೆ ಬೇರೆ ದೊಡ್ಡ ಡಿಸ್ಕು, ಇವೆರಡೂ ಕೆಟ್ಟರೆ ಇರಲೆಂದು ಮೂರನೆಯದೊಂದು ಪ್ರತಿ ಬೇರೊಂದು ಕಡೆ. ಗ್ರಾಫಿಕ್ಸ್ ಕಾರ್ಡು ನೆಲದೊಳಗಿನ ಸುರಂಗಗಳ ಮಟ್ಟಗಳನ್ನು ಮೂರು ಆಯಾಮದಲ್ಲಿ ತಿರುಗಿಸಿ ನೋಡುವಷ್ಟಿದ್ದರೆ ಸಾಕು, ಮಧ್ಯಮದ್ದು. ಕರೆಂಟು ಹೋದಾಗ ಉಳಿಸಿಕೊಳ್ಳುವಷ್ಟು ಹೊತ್ತು ನಿಲ್ಲುವ ಯುಪಿಎಸ್.

“ಎಲ್ಲಾ ಸರಿ, ದೀಪ ಬ್ಯಾಡ್ವಾ?” ಅಂದ ಅವನು.

“ಬೇಡ.”

“ನಮ್ ಅಂಗ್ಡೀಲಿ ದೀಪ ಇಲ್ಲದ ಕ್ಯಾಬಿನೆಟ್ಟು ಕೇಳಿದೋರು ನೀವೇ ಪಸ್ಟು. ತರಿಸ್ಬೇಕಾಯ್ತದೆ.”

ತರಿಸಲು ಮೂರು ವಾರ. ಆಮೇಲೆ ಪರದೆಯ ಜಗಳ. ಅವನು ಅಗಲವಾದ, ಬಿಲ್ಲಿನಂತೆ ಒಳಕ್ಕೆ ಬಾಗಿದ ಪರದೆ ತೋರಿಸಿದ. ಈಗ ಎಲ್ಲರೂ ಇದನ್ನೇ ಒಯ್ಯುವುದು, ಕಣ್ಣಿಗೆ ತಂಪು ಎಂದ. ನಾನು ಬ್ಯಾಗಿನಿಂದ ಸ್ಕೇಲ್ ತೆಗೆದು ಪರದೆಗೆ ಅಡ್ಡವಾಗಿ ಹಿಡಿದೆ. ನಡುವೆ, ಸ್ಕೇಲಿಗೂ ಪರದೆಗೂ ಮಧ್ಯೆ, ಬೆರಳು ತೂರಿತು.

“ನೇರ ಗೆರೆ ಇದರ ಮೇಲೆ ನೇರ ಇರುತ್ತಾ?”

“ಬರೆಯೋದು ನೇರಾನೇ ಮೇಡಮ್ಮೋರೆ, ಕಾಣಾದು ವಸಿ ಬಾಗಿದಂಗೆ. ಅಭ್ಯಾಸ ಆಗೋಗ್ತದೆ.”

“ಮೂವತ್ತು ವರ್ಷ ನೇರ ಗೆರೆ ಎಳೆದಿದ್ದೀನಪ್ಪ. ಬಾಗಿದ್ದು ಅಭ್ಯಾಸ ಆಗೋಕೆ ಇನ್ನು ಟೈಮಿಲ್ಲ.”

ತಂಗಿಯ ಮಗಳು ಆ ಕಡೆ ತಿರುಗಿ ನಕ್ಕಳು. ಅವನು ಸ್ಕೇಲನ್ನು ಕೈಗೆ ತೆಗೆದುಕೊಂಡು, ತಿರುಗಿಸಿ, ಅಂಚಿನ ಪುಟ್ಟ ಅಂಕಿಗಳನ್ನು ನೋಡಿ ಮರ್ಯಾದೆಯಿಂದ ಹಿಂತಿರುಗಿಸಿದ. “ನಮ್ ತಾತನೂ ಗಣಿಯಾಗೇ ಇದ್ರು, ಅಂಡರ್‌ಗ್ರೌಂಡು,” ಅಂದ. “ಅವ್ರಿಗೆ ಮ್ಯಾಪು ಗೀಪು ಏನೂ ತೋರಿಸ್ತಿರಲಿಲ್ಲ.” ಇದು ದೂರೋ, ಬರಿಯ ಸುದ್ದಿಯೋ ತಿಳಿಯಲಿಲ್ಲ.

ಚಪ್ಪಟೆಯಾದ, ಹೊಳಪಿಲ್ಲದ, ಬಣ್ಣ ಸರಿಯಾಗಿ ತೋರಿಸುವ ಎರಡು ಪರದೆಗಳಿಗೆ ಇನ್ನಷ್ಟು ವಾರ. ಬಂದದ್ದರಲ್ಲಿ ಒಂದರ ಮೂಲೆಯಲ್ಲಿ ಎಂದೂ ಬೆಳಗದ ಒಂದು ಸತ್ತ ಚುಕ್ಕೆ ಇತ್ತು, ವಾಪಸ್ ಕಳಿಸಿದೆವು. ಹಳೆಯ ಆಫೀಸಿನ ಚಾಳಿ ನನ್ನನ್ನು ಬಿಟ್ಟಿರಲಿಲ್ಲ. ಅಲ್ಲಿ ಒಂದು ನಿಬ್ಬು ಕೊಳ್ಳಲೂ ಇಂಡೆಂಟು, ಮೂರು ಕೊಟೇಷನ್ನು, ಸ್ಯಾಂಪಲ್ಲು. ಇಲ್ಲೂ ನಾನು ಒಂದೊಂದು ಭಾಗಕ್ಕೆ ಒಂದೊಂದು ಹಾಳೆ ಮಾಡಿಸಿ, ತಂಗಿಯ ಮಗಳಿಂದ ಓದಿಸಿ, ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಸುಖವಾಗಿತ್ತು. ಜೀವಮಾನವೆಲ್ಲ ಇನ್ನೊಬ್ಬರು ಆರಿಸಿ ಕೊಟ್ಟ ಪೆನ್ನಿನಲ್ಲಿ ಬರೆದವಳು. ಈಗ ಆರಿಸುವವಳು ನಾನು. ನಾಲ್ಕು ತಿಂಗಳು ಹಾಗೆ ಆರಿಸಿದೆ.

ಗೆಳತಿ ನಡುನಡುವೆ ಬಂದು ವಿಚಾರಿಸುತ್ತಿದ್ದಳು.

“ಏನಕ್ಕ, ನಿನ್ ಮಿಷಿನ್ನಿಗೆ ಗಂಡು ಸಿಕ್ತಾ?”

“ಪರದೆ ಬರಬೇಕು ಕಣೆ.”

“ನಮ್ ಸಾಲಲ್ಲಿ ಮೂರ್ ಮನೆ ಆಗ್ಲೇ ಖಾಲಿ. ಹೆದರ್ಕೊಂಡು ಹೋಗ್ಬಿಟ್ರು. ನಾನು ಎಲ್ರಿಗೂ ಹೇಳ್ತಿದೀನಿ, ಅಕ್ಕ ನೋಡ್ತಾಳೆ, ಇರ್ರಿ ಅಂತ.”

ಯಂತ್ರ ಬಂತು. ಉರಿಗಾಂನ ನನ್ನ ಮುಂದಿನ ಕೋಣೆಯಲ್ಲಿ, ಹಿಂದೆ ಹೊಲಿಗೆ ಮೆಷಿನ್ ಇದ್ದ ಜಾಗದಲ್ಲಿ ಕೂತಿತು. ಕಪ್ಪು ಪೆಟ್ಟಿಗೆ, ದೀಪವಿಲ್ಲ, ಸದ್ದಿಲ್ಲ. ಒಂದು ಶನಿವಾರ ಬೆಳಿಗ್ಗೆ ತಂಗಿಯ ಮಗಳು ಡಿಸ್ಕು ಚುಚ್ಚಿದಳು. ಲ್ಯಾಪ್‌ಟಾಪನ್ನು ಕೊಲ್ಲುತ್ತಿದ್ದ ಹಾಳೆಗಳು ಇಲ್ಲಿ ಒಂದಾದ ಮೇಲೊಂದು ತೆರೆದುಕೊಂಡವು. ಗೆರೆಗಳನ್ನು ನನ್ನ ಅಂಗೈ ಅಗಲಕ್ಕೆ ಹಿಗ್ಗಿಸಿದಾಗ, ಮಸಿಯ ಕಲೆಯ ಪಕ್ಕದಿಂದ ನನಗೂ ಕಂಡವು. ಹಳೆಯ ಇಂಕು ಅಂಚಿನಲ್ಲಿ ಸ್ವಲ್ಪ ಕಂದಾಗಿತ್ತು. ಗಣಿಯ ಉತ್ತರ ದಿಕ್ಕು ಬೇರೆ, ಭೂಮಿಯ ಉತ್ತರ ದಿಕ್ಕು ಬೇರೆ. ಅಳತೆಯೆಲ್ಲ ಅಡಿಯಲ್ಲಿ, ಆಳವೆಲ್ಲ ಗಣಿಗೆ ಇಳಿಯುವ ಶಾಫ್ಟಿನ ಬಾಯಿಂದ ಕೆಳಕ್ಕೆ. ಇದನ್ನೆಲ್ಲ ನಾನು ಹೇಳುತ್ತ ಹೋದೆ, ಅವಳು ಹಾಳೆಗಳನ್ನು ತಿರುಗಿಸಿ ಉಪಗ್ರಹದ ಚಿತ್ರದ ಮೇಲೆ ಕೂರಿಸುತ್ತ ಹೋದಳು. ಮಧ್ಯಾಹ್ನದ ಹೊತ್ತಿಗೆ ಚಾಂಪಿಯನ್ ರೀಫ್ಸ್‌ನ ಬೀದಿಗಳ ಕೆಳಗೆ ನನ್ನ ಆಫೀಸು ಪೂರ್ತಿ ಎದ್ದು ನಿಂತಿತ್ತು.

ಆ ಸಾಲಿನ ಹಾಳೆ ಕೊನೆಗೆ ಬಂತು. ಹನ್ನೆರಡು ಛಾವಣಿಗಳ ಕೆಳಗೆ ಆಳದ ಮಟ್ಟಗಳೆಲ್ಲ ಇದ್ದವು. ಮೇಲಿನ ಮುನ್ನೂರು ಅಡಿ ಖಾಲಿ.

“ದೊಡ್ಡಮ್ಮ, ಮೇಲೆ ಏನೂ ಇಲ್ಲ. ಅಂದ್ರೆ ತೋಡಿಲ್ಲ ಅಂತ ಅಲ್ವಾ?” ಅವಳ ದನಿಯಲ್ಲಿ ಗೆದ್ದ ಸಂತೋಷ.

“ಕೆಳಗೆ ಏನೋ ಬರೆದಿದೆ. ದೊಡ್ಡದು ಮಾಡು.”

ಮಾಡಿದಳು. ಇಂಗ್ಲಿಷಿನ ಒಂದೇ ಸಾಲು. ಓದುವ ಮೊದಲೇ ಅಕ್ಷರ ಯಾರದೆಂದು ಗೊತ್ತಾಯಿತು. ಆ ಕಾನ್ವೆಂಟಿನ ಎಸ್, ಬಾಲ ಸುತ್ತಿದ ಡಬ್ಲ್ಯೂ. ಹಳೆಯ ತೋಡುಗಳನ್ನು ಈ ಹಾಳೆಯಲ್ಲಿ ತೋರಿಸಿಲ್ಲ. ಅವಕ್ಕೆ ರದ್ದಾದ ಹಿಂದಿನ ಹಾಳೆ ನೋಡಿ ಎಂದು ನಾನೇ ಬರೆದಿದ್ದೆ.

ತಂಗಿಯ ಮಗಳು ಡಿಸ್ಕಿನಲ್ಲಿ ಮತ್ತೆ ಹುಡುಕಿದಳು. ನಾನು ಬೇಡವೆನ್ನಲಿಲ್ಲ, ಆದರೆ ಸಿಗುವುದಿಲ್ಲವೆಂದು ನನಗೆ ಅಷ್ಟರಲ್ಲಿ ತಿಳಿದಿತ್ತು.

ನಮ್ಮ ಆಫೀಸಿನಲ್ಲಿ ಒಂದು ರೂಢಿ ಇತ್ತು. ಹೊಸ ಹಾಳೆ ಬಂದಾಗ ಹಳೆಯದರ ಮೇಲೆ ‘ಕ್ಯಾನ್ಸಲ್ಡ್’ ಎಂದು ಮುದ್ರೆ ಒತ್ತಿ, ಟ್ರೇಸರುಗಳು ಬೇಕಾದರೆ ಒಯ್ಯಲಿ ಎಂದು ಬಿಡುತ್ತಿದ್ದರು. ಟ್ರೇಸಿಂಗ್ ಬಟ್ಟೆ ನೋಡಲು ಮೇಣದ ಕಾಗದದಂತಿದ್ದರೂ ಒಳಗೆ ಇರುವುದು ಅತಿ ನಯವಾದ ನೂಲಿನ ಬಟ್ಟೆ. ಸೋಡಾ ಹಾಕಿ ಕುದಿಸಿದರೆ ಗಂಜಿಯೂ ಇಂಕೂ ಒಟ್ಟಿಗೇ ಬಿಟ್ಟು, ಅಂಗಡಿಯಲ್ಲಿ ನಮ್ಮ ಕೈಗೆಟುಕದಂಥ ಬಟ್ಟೆ ಉಳಿಯುತ್ತಿತ್ತು. ಕರವಸ್ತ್ರ, ಪೆಟ್ಟಿಕೋಟು, ದಿಂಬಿನ ಚೀಲ. ಕೆಜಿಎಫ್‌ನಲ್ಲಿ ಎಷ್ಟೋ ಕೂಸುಗಳ ಮೊದಲ ಅಂಗಿ ಒಂದು ಕಾಲಕ್ಕೆ ನಕ್ಷೆಯಾಗಿತ್ತು.

ಈ ಹೊಸ ಹಾಳೆ ಬಂದ ವಾರವೇ ನನ್ನ ಗೆಳತಿ ಚೊಚ್ಚಲು ಹೆತ್ತಿದ್ದಳು. ಹೊಸ ಹಾಳೆಗೆ ಆ ಒಂದು ಸಾಲು ಬರೆದು ಮುಗಿಸಿ, ಹಳೆಯದನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಅವಳ ಮನೆಗೆ ಹೋದೆ. ಅವಳ ಅಂಗಳದ ಒಲೆಯ ಮೇಲೆಯೇ ಕುದಿಸಿದೆವು. ನೀರು ಕಪ್ಪಾಯಿತು. ಮೂರು ಸಲ ನೀರು ಬದಲಿಸಿದೆ, ಮಗುವಿನ ಮೈಗೆ ಇಂಕು ತಾಗಬಾರದೆಂದು. ಆ ಹಾಳೆಯಲ್ಲಿ ಏನಿತ್ತು ಎಂದು ಈಗ ದಿನವೂ ಕಣ್ಣು ಮುಚ್ಚಿ ನೋಡುತ್ತೇನೆ. ಅವಳ ಸಾಲಿನ ಕೆಳಗೆ ತೋಡಿತ್ತೋ, ಗಟ್ಟಿ ಬಂಡೆಯಿತ್ತೋ? ನೆನಪಾಗುವುದಿಲ್ಲ. ನಾನು ಅದನ್ನು ನಕ್ಷೆಯೆಂದು ನೋಡಲೇ ಇಲ್ಲ. ಎಷ್ಟು ಅಂಗಿ ಬರುತ್ತದೆಂದು ಗೇಣು ಹಾಕಿ ನೋಡಿದ್ದೆ. ಎರಡು ಅಂಗಿ, ಒಂದು ಟೋಪಿ.

“ಯಂತ್ರಕ್ಕೆ ಮೊದಲು ಡೇಟಾ ನೋಡ್ಬೇಕಿತ್ತು ದೊಡ್ಡಮ್ಮ,” ಅಂದಳು ತಂಗಿಯ ಮಗಳು, ತನಗೇ ಹೇಳಿಕೊಳ್ಳುವಂತೆ. “ಸ್ಟೂಡೆಂಟ್ಸಿಗೆ ಇದನ್ನೇ ಬಡ್ಕೊಳ್ತೀನಿ.”

ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾಲ್ಕು ತಿಂಗಳು ನಾವು ಕೋರು, ರ್‍ಯಾಮು, ಸತ್ತ ಚುಕ್ಕೆ ಎಂದು ಕೂತಿದ್ದೆವು. ಟ್ರಂಕು ಹತ್ತು ಹೆಜ್ಜೆ ದೂರದಲ್ಲಿತ್ತು. ಭೂತಗನ್ನಡಿ ಹಿಡಿದು ಒಬ್ಬರು ಹಾಳೆಗಳ ನಂಬರ್ ಓದಿದ್ದರೆ ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತಿತ್ತು. ತಿಳಿದಿದ್ದರೆ ಮೂಲ ಪ್ರತಿಗಳು ಬೇರೆಲ್ಲಿಯಾದರೂ ಉಳಿದಿವೆಯೋ ಎಂದು ಊರೂರು ವಿಚಾರಿಸಲು ಸಮಯವಿರುತ್ತಿತ್ತು. ಈಗ ಮಳೆಗಾಲಕ್ಕೆ ಐದು ವಾರ.

ಗೆಳತಿಗೆ ನಾನೇ ಹೇಳಿದೆ. ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

“ಅಂದ್ರೆ ನಮ್ ಮನೆ ಮ್ಯಾಪನ್ನೇ ನಾವ್ ಕುದ್ಸಿದ್ವಾ?”

“ಹೂಂ.”

“ನನ್ ಒಲೇಲಿ.”

“ಹೂಂ.”

ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಕಬ್ಬಿಣದ ಪೆಟ್ಟಿಗೆಯ ಮುಚ್ಚಳದ ಸದ್ದು ಕೇಳಿತು. ಬಂದಾಗ ಅವಳ ಕೈಯಲ್ಲಿ ಕೂಸಿನ ಅಂಗಿ ಇತ್ತು. ಆ ಕೂಸಿಗೆ ಈಗ ಐವತ್ತರ ಹತ್ತಿರ. ಬೆಂಗಳೂರಿನ ಕೆಲಸಕ್ಕೆ ದಿನಾ ಬೆಳಗಿನ ರೈಲು ಹಿಡಿಯುತ್ತಾಳೆ.

“ಒಂದ್ ಉಳ್ಕೊಂಡಿದೆ. ನಿನ್ ಮಿಷಿನ್ನು ಕಣ್ಣಿಗ್ ಕಾಣದ್ದೆಲ್ಲಾ ತೋರಿಸ್ತದೆ ಅಂತೀಯಲ್ಲ. ಇದನ್ನ ನೋಡ್ಲಿ.”

ಮುಂದಿನ ಶನಿವಾರ ಮೂವರೂ ಯಂತ್ರದ ಮುಂದೆ ಕೂತೆವು. ತಂಗಿಯ ಮಗಳು ಕಾಲೇಜಿನಿಂದ ಪುಟ್ಟ ಸ್ಕ್ಯಾನರ್ ತಂದಿದ್ದಳು. ಅಂಗಿಯ ಮುಂಭಾಗ, ಬೆನ್ನು, ತೋಳು, ಒಂದೊಂದನ್ನೂ ಅದರ ಕೈಲಾದಷ್ಟು ಸೂಕ್ಷ್ಮವಾಗಿ ತೆಗೆದಳು. ಬಣ್ಣ ತಿರುಗಿಸಿದಳು, ಕಪ್ಪು ಹೆಚ್ಚಿಸಿದಳು, ಬಿಳಿ ಕಡಿಮೆ ಮಾಡಿದಳು. ಯಂತ್ರ ಒಮ್ಮೆಯೂ ತಡವರಿಸಲಿಲ್ಲ. ನಾನು ಆರಿಸಿದ ಚಪ್ಪಟೆ ಪರದೆಯ ಮೇಲೆ ನೂಲುಗಳು ಹಗ್ಗದಷ್ಟು ದಪ್ಪವಾಗಿ ಅಡ್ಡಡ್ಡ, ಉದ್ದುದ್ದ ನಿಂತವು. ಎಲ್ಲ ನೇರ.

“ಏನಾದ್ರು ಕಾಣ್ತದಾ ಪಾಪಾ?” ಗೆಳತಿ ಕೇಳಿದಳು.

“ನೂಲು ಕಾಣುತ್ತೆ ಆಂಟಿ.”

“ಇಂಕು?”

ತಂಗಿಯ ಮಗಳು ನನ್ನ ಮುಖ ನೋಡಿದಳು.

“ಇಲ್ಲ,” ಅಂದೆ ನಾನು.

ಗೆಳತಿ ಪರದೆಗೆ ಹತ್ತಿರ ಬಗ್ಗಿ ನೋಡಿದಳು. “ಎಷ್ಟ್ ಚೆನ್ನಾಗ್ ಒಗ್ದಿದೀಯಕ್ಕ,” ಅಂದಳು.

ಆದರೂ ನಕ್ಷೆ ಒಪ್ಪಿಸಿದೆವು. ತಂಗಿಯ ಮಗಳು ಬಹಳ ಚಂದವಾಗಿ ಮಾಡಿದ್ದಳು; ಮಟ್ಟಕ್ಕೊಂದು ಬಣ್ಣ, ಅಂಚಿನಲ್ಲಿ ವಿವರಣೆ. ಹನ್ನೆರಡು ಮನೆಗಳ ಮೇಲೆ ಮಾತ್ರ ಒಂದು ಬಿಳಿಯ ಆಯತ, ‘ಮಾಹಿತಿ ಇಲ್ಲ’ ಎಂದು. ಬಲಮೂಲೆಯಲ್ಲಿ ‘ಟ್ರೇಸ್ಡ್ ಬೈ’ ಎಂಬ ಚೌಕ ಮಾಡಿ, ನನ್ನನ್ನು ಕೇಳದೆ, ನನ್ನ ಪೂರ್ತಿ ಹೆಸರು ಹಾಕಿದ್ದಳು. ಅಷ್ಟು ವರ್ಷ ಆಸೆಪಟ್ಟ ಚೌಕ. ತೆಗೆದುಬಿಡು ಎಂದು ಬಾಯಿಗೆ ಬಂತು, ಹೇಳಲಿಲ್ಲ. ಆ ಬಿಳಿ ಆಯತ ನಾನು ಮಾಡಿದ್ದೇ. ಹೆಸರು ಇರಲಿ.

ಕಚೇರಿಯವರು ನಕ್ಷೆಯನ್ನು ಮೆಚ್ಚಿಕೊಂಡರು. ಆದರೆ ಗೊತ್ತಿಲ್ಲದ ಕಡೆ ಅಪಾಯ ಇದೆಯೆಂದೇ ಬರೆಯಬೇಕಾಗುತ್ತದಮ್ಮ ಎಂದರು. ಒಳ್ಳೆಯ ಮಾತಿನಲ್ಲಿಯೇ ಹೇಳಿದರು.

ಜೂನ್ ಮೊದಲ ವಾರ ಸಾಲು ಖಾಲಿಯಾಯಿತು. ಗೆಳತಿ ಬಂಗಾರಪೇಟೆಯಲ್ಲಿ, ರೈಲು ಹಳಿಯ ಆಚೆ, ಮಗಳ ಬಾಡಿಗೆ ಮನೆಯಲ್ಲಿದ್ದಾಳೆ. ಹೊರಡುವ ದಿನ ಸಾಮಾನಿನ ಟೆಂಪೊವನ್ನು ನನ್ನ ಮನೆ ಮುಂದೆ ನಿಲ್ಲಿಸಿ ಇಳಿದು ಬಂದಳು. ಕೂತುಕೊಳ್ಳಲಿಲ್ಲ. ಸೆರಗಿನಿಂದ ಆ ಅಂಗಿ ತೆಗೆದು ಕಂಪ್ಯೂಟರಿನ ಮೇಜಿನ ಮೇಲಿಟ್ಟಳು.

“ಇದನ್ನ ನೀನೇ ಇಟ್ಕೊಳಕ್ಕ.”

“ಬೇಡ ಕಣೆ. ಮಗೂದು.”

“ಮೆತ್ತಗದೆ. ಪರದೆ ಒರ್ಸಕ್ಕೆ ಆಗ್ತದೆ.”

ಟೆಂಪೊ ಹೋಯಿತು. ಆಮೇಲೆ ಅವಳು ಬಂದಿಲ್ಲ, ನಾನೂ ಹೋಗಿಲ್ಲ. ಎರಡು ಪರದೆಗಳ ಮೇಲೂ ಧೂಳು ಕೂತಿದೆ, ನನ್ನ ಕಣ್ಣಿಗೇ ಕಾಣುವಷ್ಟು. ಅಂಗಿ ಅವಳು ಇಟ್ಟಲ್ಲೇ ಇದೆ.